ಲ್ಯಾಪ್ರೋಸ್ಕೋಪಿ ಆಗಿ ನಾಲ್ಕೇ ದಿನಕ್ಕೆ ಮೂಡಿಗೆರೆಗೆ ಕರ್ಕೊಂಡು ಬರಬಹುದಾ?

ಮೂಡಿಗೆರೆಯಿಂದ ಪ್ರಶ್ನೆ: ಅಪ್ಪನಿಗೆ 64. ದೊಡ್ಡ ಕರುಳಿನ ಎಡಭಾಗದಲ್ಲಿ ಕ್ಯಾನ್ಸರ್. ಬೆಂಗಳೂರಲ್ಲಿ ಲ್ಯಾಪ್ರೋಸ್ಕೋಪಿ, ನಾಲ್ಕೈದು ದಿನಕ್ಕೆ ಮನೆಗೆ ಅಂದಿದ್ದಾರೆ. ಗಾಯ ಸಣ್ಣದಾದ್ರೆ ಮೈಗೆ ಪೆಟ್ಟೂ ಕಮ್ಮಿನಾ? ಡಿಸ್ಚಾರ್ಜ್‌ಗೆ ಮುಂಚೆ ಏನು ಕೇಳ್ಬೇಕು?

ಸರ್ಜನ್, ಹಾಸನ: ಕಮ್ಮಿ ಹೌದು. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ, 5ರಿಂದ 12 ಮಿ.ಮೀ. ತೂತುಗಳಲ್ಲಿ ಕೆಲಸ, ಗಡ್ಡೆ ಇರೋ ಕರುಳನ್ನ ಹೊರಗೆ ತೆಗೆಯೋಕೆ ಮಾತ್ರ ಐದಾರು ಸೆಂ.ಮೀ. ಕೊಯ್ತಾರೆ. ಪೆಟ್ಟು ಬಿದ್ದ ಕಡೆಯಿಂದ ಐಎಲ್-6 ಅನ್ನೋ ಪ್ರೋಟೀನ್ ಹೊರಟು ಲಿವರ್‌ಗೆ ಸುದ್ದಿ ಮುಟ್ಟಿಸುತ್ತೆ, ಲಿವರ್ ಸಿಆರ್‌ಪಿ ಅನ್ನೋ ಇನ್ನೊಂದು ಪ್ರೋಟೀನ್ ಮಾಡುತ್ತೆ, ರಕ್ತ ಪರೀಕ್ಷೆಲಿ ನೋಡೋದು ಇದನ್ನೇ. ಹೊಟ್ಟೆ ತೆರೆದು ಮಾಡೋದಕ್ಕಿಂತ ಇಲ್ಲಿ ಎರಡೂ ಸಾಮಾನ್ಯವಾಗಿ ಕಮ್ಮಿ. ಆದ್ರೆ ಒಳಗೆ ಕರುಳು ಕತ್ತರಿಸಿ ಜೋಡಿಸೋದು ಎರಡರಲ್ಲೂ ಒಂದೇ. ತೂತು ಸಣ್ಣದು ಅಂತ ಆ ಜೋಡಣೆ ಸೋರೋ ಭಯ ಹೋಗಲ್ಲ. ಕರುಳು ಅಂಟಿಕೊಂಡಿದ್ರೆ, ರಕ್ತ ನಿಲ್ಲದಿದ್ರೆ ಅರ್ಧದಲ್ಲೇ ಹೊಟ್ಟೆ ತೆರೀಬೇಕಾಗಬಹುದು. ಒಪ್ಪಿಗೆ ಪತ್ರ ಓದಿ ಸಹಿ ಹಾಕಿ.

ಲ್ಯಾಬ್ ಕೆಲಸದವರು, ಚಿಕ್ಕಮಗಳೂರು: ಸಿಆರ್‌ಪಿ ಎರಡು-ಮೂರನೇ ದಿನ ಎಲ್ಲರಿಗೂ ಏರುತ್ತೆ, ಹೆದರಬೇಡಿ. ಆಮೇಲೆ ಇಳೀಬೇಕು, ಕಾರಣ ನಿಂತ್ರೆ ಸುಮಾರು 19 ಗಂಟೆಗೆ ಅರ್ಧ ಆಗುತ್ತೆ. ಮೂರನೇ ದಿನ ಲೀಟರಿಗೆ 150 ಮಿ.ಗ್ರಾಂ. ದಾಟಿ, ನಾಲ್ಕನೇ ದಿನವೂ ಅಲ್ಲೇ ನಿಂತಿದ್ರೆ ಡಿಸ್ಚಾರ್ಜ್ ಬೇಡ, ಸಿಟಿ ಸ್ಕ್ಯಾನ್ ಬೇಕಾ ಅಂತ ಕೇಳಿ. ಜಾಸ್ತಿ ಬಂದ ಮಾತ್ರಕ್ಕೆ ಸೋರಿಕೆಯೇ ಅಂತಲ್ಲ, ಎದೆ ಸೋಂಕೂ ಏರಿಸುತ್ತೆ. ಕಮ್ಮಿ ಬಂದ್ರೆ ನಂಬಬಹುದು. ಯೂನಿಟ್ ಮಾತ್ರ ಕಣ್ಣುಬಿಟ್ಟು ನೋಡಿ: ಕೆಲವು ಲ್ಯಾಬ್ ಡೆಸಿಲೀಟರ್ ಲೆಕ್ಕ ಬರೀತವೆ. ಅಲ್ಲಿ 16 ಅಂದ್ರೆ ಲೀಟರ್ ಲೆಕ್ಕದಲ್ಲಿ 160. "ಹದಿನಾರೇ ಅಲ್ವಾ" ಅಂದ್ಕೊಂಡು ಗಾಡಿ ಹತ್ತಿಸಿಬಿಡ್ತಾರೆ.

ವಾರ್ಡ್ ನರ್ಸ್, ಹಾಸನ: ಭುಜದ ನೋವು ಆಪರೇಷನ್‌ಗೆ ಹೊಟ್ಟೆಗೆ ತುಂಬಿದ ಗ್ಯಾಸಿಂದು, ಎರಡು-ಮೂರು ದಿನಕ್ಕೆ ಹೋಗುತ್ತೆ. ನಾಡಿ 100 ದಾಟೋದು, ಹೊಟ್ಟೆ ಉಬ್ಬರ, ಗಾಳಿ ಹೋಗ್ತಿದ್ದದ್ದು ನಿಲ್ಲೋದು, ಚಳಿಜ್ವರ: ಇವಕ್ಕೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅನ್ನಬೇಡಿ. ಸೋರಿಕೆ ಎಷ್ಟೋ ಸಲ ಗೊತ್ತಾಗೋದೇ ಮೊದಲ ವಾರದ ಕೊನೆಗೆ. ಅಷ್ಟು ದಿನ ಬೆಂಗಳೂರಲ್ಲೇ ನೆಂಟರ ಮನೆ ಇದ್ರೆ ಉಳೀರಿ. ಮಳೆಗಾಲದ ರಾತ್ರಿ ಮೂಡಿಗೆರೆಯಿಂದ ವಾಪಸ್ ಓಡೋದು ಸುಲಭ ಅಲ್ಲ. ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್ 28 ದಿನ ಬೇಕಾ ಅಂತಲೂ ಕೇಳಿ.

ಮೂಡಿಗೆರೆ: ಯೂನಿಟ್ ವಿಷಯ ತಲೇಲೇ ಇರ್ಲಿಲ್ಲ ಅಕ್ಕ, ಸರ್. ತೆಗೆದ ಕರುಳಿನ ಬಯಾಪ್ಸಿ ರಿಪೋರ್ಟಲ್ಲಿ ಏನು ನೋಡ್ಬೇಕು?

ಸರ್ಜನ್: ದುಗ್ಧಗ್ರಂಥಿ (ಲಿಂಫ್ ನೋಡ್) ಕನಿಷ್ಠ 12 ನೋಡಿದ್ದಾರಾ ಅಂತ ಎಣಿಸಿ. ಕಮ್ಮಿ ಇದ್ರೆ ಮತ್ತೆ ಹುಡುಕಿಸೋಕೆ ಹೇಳಬಹುದು.