ಎತ್ತರದ ಕಟ್ಟಡ ನೋಡಿ ದುಡ್ಡು ಹಾಕಬೇಡಿ ಚಿಕ್ಕಪ್ಪ

ಚಿಕ್ಕಪ್ಪ, ನೀವು ಹಾಕಿದ ಫಾರ್ವರ್ಡ್ ಓದಿದೆ. ಜಗತ್ತಿನ ಅತಿ ಎತ್ತರದ ಕಟ್ಟಡ ಎಲ್ಲಿ ಏಳುತ್ತದೋ ಆ ದೇಶದ ಆರ್ಥಿಕತೆ ಗಟ್ಟಿ, ಅಲ್ಲೇ ಫ್ಲ್ಯಾಟ್ ತಗೊಳ್ಳಿ ಅಂತ ಇದೆ ಅಲ್ವಾ. ಓದಿ ಹೆದರಿಕೆ ಆಯಿತು. ಹಿಂದೆ ಎಷ್ಟೋ ಸಲ ಆಗಿರುವುದು ಇದರ ಉಲ್ಟಾ.

ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಯೋಜನೆ ಹೊರಬಿದ್ದದ್ದು 1929ರ ಆಗಸ್ಟ್‌ನಲ್ಲಿ, ಅಕ್ಟೋಬರ್‌ನಲ್ಲಿ ಷೇರುಪೇಟೆ ಕುಸಿಯಿತು. 1931ರಲ್ಲಿ 102 ಮಹಡಿ ಎದ್ದು ನಿಂತಾಗ ಬಾಡಿಗೆಗೆ ಬರುವವರೇ ಕಮ್ಮಿ, ಲಾಭ ಕಾಣಲು ಹೆಚ್ಚುಕಮ್ಮಿ 20 ವರ್ಷ ಹಿಡಿಯಿತು. ಕ್ವಾಲಾಲಂಪುರದ ಪೆಟ್ರೋನಾಸ್ ಅವಳಿ ಗೋಪುರ ಮುಗಿಯುವ ಹೊತ್ತಿಗೆ 1997ರ ಏಷ್ಯಾದ ಹಣಕಾಸು ಬಿಕ್ಕಟ್ಟು ಬಂದಿತ್ತು. ದುಬೈ ಕಥೆ ನಿಮಗೇ ನೆನಪಿರಬಹುದು. 2009ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ ದುಬೈ ವರ್ಲ್ಡ್ ಸಾಲ ತೀರಿಸಲು ಗಡುವು ಕೇಳಿತು, ಅಬುಧಾಬಿ 1,000 ಕೋಟಿ ಡಾಲರ್ ಕೊಟ್ಟು ಕಾಪಾಡಿತು. 2010ರ ಜನವರಿಯಲ್ಲಿ 828 ಮೀಟರ್ ಕಟ್ಟಡ ಉದ್ಘಾಟನೆ ಆಯಿತು, ಅಬುಧಾಬಿ ದೊರೆಯ ಹೆಸರನ್ನೇ ಇಟ್ಟು ಬುರ್ಜ್ ಖಲೀಫಾ ಅಂದರು. ದುಬೈಗಿಂತ ಮೊದಲೇ, 1999ರಲ್ಲಿ, ಆಂಡ್ರ್ಯೂ ಲಾರೆನ್ಸ್ ಅನ್ನುವ ವಿಶ್ಲೇಷಕ ಇಂಥ ಹಳೆಯ ಉದಾಹರಣೆಗಳನ್ನು ಜೋಡಿಸಿ, ಎತ್ತರದ ದಾಖಲೆ ಮತ್ತು ಆರ್ಥಿಕ ಕುಸಿತ ಜೊತೆಜೊತೆಗೇ ಬರುತ್ತವೆ ಅನ್ನುವ ಈ ಲೆಕ್ಕವನ್ನು ಸ್ಕೈಸ್ಕ್ರೇಪರ್ ಇಂಡೆಕ್ಸ್ ಅಂತ ಕರೆದರು.

ಕಟ್ಟಡಕ್ಕೇನೂ ಶಾಪ ಇಲ್ಲ. ಬಡ್ಡಿ ಕಮ್ಮಿ ಇದ್ದು ಸಾಲ ಸುಲಭವಾಗಿ ಸಿಕ್ಕಾಗ ಜಾಗದ ಬೆಲೆ ಏರುತ್ತದೆ, ಅಷ್ಟು ದುಬಾರಿ ಜಾಗಕ್ಕೆ ಲೆಕ್ಕ ಕೂಡಿಬರಬೇಕಾದರೆ ಮಹಡಿ ಮೇಲೆ ಮಹಡಿ ಏರಿಸಲೇಬೇಕು, ಇನ್ನು ಎಲ್ಲರಿಗಿಂತ ಎತ್ತರ ಕಟ್ಟಬೇಕು ಅನ್ನುವ ಹಟ ಬೇರೆ. ಮುಗಿಯಲು ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ಬಡ್ಡಿ ಏರಿರುತ್ತದೆ, ಹಾಗೇ ಕಟ್ಟಿದ ಇನ್ನೂ ಹತ್ತಾರು ಕಟ್ಟಡ ಒಟ್ಟಿಗೇ ಬಾಡಿಗೆಗೆ ಬರುತ್ತವೆ.

ಪ್ರತಿ ಸಲ ಹೀಗೇ ಆಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ಆಗ ಜಗತ್ತಿನ ಅತಿ ಎತ್ತರದ್ದಾಗಿದ್ದ ತೈವಾನಿನ ತೈಪೆ 101 ಕಟ್ಟಡ ಮುಗಿದ 2004ರಲ್ಲಿ ಅಂಥ ಕುಸಿತ ಏನೂ ಆಗಲಿಲ್ಲ. ಎತ್ತರದ ದಾಖಲೆ ನೋಡಿ ಕುಸಿತದ ತಾರೀಕು ಹೇಳಲು ಬರುವುದಿಲ್ಲ. ಆದರೆ ಎತ್ತರ ನೋಡಿ ಆರ್ಥಿಕತೆ ಗಟ್ಟಿ ಅನ್ನುವುದು ಅದಕ್ಕಿಂತ ಅಪಾಯ, ಯಾಕೆಂದರೆ ಅದನ್ನು ನಂಬಿ ಜನ ಉಳಿತಾಯದ ದುಡ್ಡು ಹಾಕುತ್ತಾರೆ.

ಆ ಫ್ಲ್ಯಾಟ್ ಮಾರುವವರನ್ನು ದಯವಿಟ್ಟು ಇಷ್ಟು ಕೇಳಿ: ಯೋಜನೆಗೆ ಸಾಲ ಎಷ್ಟಿದೆ, ಯಾವಾಗ ತೀರಿಸಬೇಕು, ಸುತ್ತಮುತ್ತ ಈಗಾಗಲೇ ಖಾಲಿ ಇರುವ ಮನೆ ಎಷ್ಟು. ಉತ್ತರ ಬರುವವರೆಗೆ ಮುಂಗಡ ಕೊಡಬೇಡಿ ಚಿಕ್ಕಪ್ಪ.