ಎ ಲೆವೆಲ್‌ಗೆ ಇಟಾಲಿಯನ್ ತಗೊಂಡವರು ಯಾರಾದ್ರೂ ಇದ್ದೀರಾ?

ನಾವಿರೋದು ಇಂಗ್ಲೆಂಡಲ್ಲಿ. ಮಗಳು ಇಯರ್ 11, ಜಿಸಿಎಸ್‌ಇಗೆ (ನಮ್ಮ ಎಸ್ಸೆಸ್ಸೆಲ್ಸಿ ಥರದ ಪರೀಕ್ಷೆ) ಇಟಾಲಿಯನ್ ಓದ್ತಿದ್ದಾಳೆ, ಈಗ ಎ ಲೆವೆಲ್‌ಗೂ (ಅದಾದ ಮೇಲಿನ ಎರಡು ವರ್ಷ, ನಮ್ಮ ಪಿಯುಸಿ ಥರ) ಅದೇ ಬೇಕು ಅಂತ ಹಟ. ಜೊತೆಗೆ ಮ್ಯಾಥ್ಸು, ಹಿಸ್ಟರಿ. ಸ್ಕೂಲಲ್ಲಿ ಕೇಳಿರೋದು ಮೂರೇ ಮಕ್ಕಳಂತೆ, ಕ್ಲಾಸ್ ನಡೆಸ್ತಾರೋ ಇಲ್ವೋ ಇನ್ನೂ ಹೇಳಿಲ್ಲ. ಮನೇಲೇ ಇಟಾಲಿಯನ್ ಮಾತಾಡೋ ಮಕ್ಕಳ ಮುಂದೆ ಇವಳು ನಿಲ್ತಾಳಾ ಅಂತ ನಂಗೆ ಭಯ. ಓದಿದವರು, ಓದಿಸಿದವರು ಸ್ವಲ್ಪ ಹೇಳಿ.

*

ಆಂಟಿ, ನಾನು ಎರಡು ವರ್ಷದ ಹಿಂದೆ ಮುಗಿಸ್ದೆ, ಎ ಗ್ರೇಡ್ ಬಂತು. ತಗೊಳ್ಳಲಿ ಅಂತಾನೇ ಹೇಳ್ತೀನಿ. ಆದ್ರೆ ಜಿಸಿಎಸ್‌ಇ ಥರಾನೇ ಇರುತ್ತೆ ಅಂದ್ಕೊಂಡು ಹೋದ್ರೆ ಮೊದಲ ಟರ್ಮಲ್ಲೇ ಕಣ್ಣಲ್ಲಿ ನೀರು ಬರುತ್ತೆ, ನಂಗೆ ಬಂದಿತ್ತು. ಅಲ್ಲಿ ನನ್ನ ರಜೆ, ನನ್ನ ಸ್ಕೂಲು, ನನ್ನ ಮನೆಯವರು ಅಂತ ಮಾತಾಡಿದ್ರೆ ಆಯ್ತು. ಇಲ್ಲಿ ಮುಸೊಲಿನಿ ಅಧಿಕಾರಕ್ಕೆ ಹೇಗೆ ಬಂದ, ಯುದ್ಧ ಮುಗಿದ ಮೇಲೆ 1946ರ ಜೂನ್ 2ಕ್ಕೆ ಜನ ಓಟು ಹಾಕಿ ರಾಜನನ್ನ ಯಾಕೆ ಬೇಡ ಅಂದ್ರು, ಇಟಲಿಯ ಉತ್ತರ ಭಾಗಕ್ಕೂ ದಕ್ಷಿಣಕ್ಕೂ ಇವತ್ತಿಗೂ ಯಾಕಿಷ್ಟು ಅಂತರ, ವಲಸೆ ಬಂದವರ ಪಾಡೇನು, ಇದನ್ನೆಲ್ಲ ಇಟಾಲಿಯನ್ನಲ್ಲೇ ವಾದ ಮಾಡ್ಬೇಕು. ಅವಳು ಹಿಸ್ಟರಿನೂ ತಗೋತಿದ್ದಾಳಲ್ಲ, ಅದು ದೊಡ್ಡ ಅನುಕೂಲ.

ನಾನು ಬರೆದಿದ್ದು ಎಡೆಕ್ಸೆಲ್ ಅನ್ನೋ ಬೋರ್ಡಿನ ಪರೀಕ್ಷೆ. ಕೇಳೋದು, ಓದೋದು, ಇಂಗ್ಲಿಷಿಗೆ ಅನುವಾದ ಸೇರಿ 40 ಪರ್ಸೆಂಟು. ಎರಡು ಕೃತಿ ಮೇಲೆ ಪ್ರಬಂಧ, ಜೊತೆಗೆ ಇಟಾಲಿಯನ್ನಿಗೆ ಅನುವಾದ 30, ಮಾತಾಡೋದು 30. ಕೃತಿಗಳಲ್ಲಿ ಒಂದು ಸಿನಿಮಾ ಇರ್ಬಹುದು, ಇನ್ನೊಂದು ಪುಸ್ತಕವೇ ಆಗಿರ್ಬೇಕು. ಪರೀಕ್ಷೇಲಿ ಡಿಕ್ಷನರಿ ಇಲ್ಲ, ಪುಸ್ತಕಾನೂ ಒಳಗೆ ಬಿಡಲ್ಲ. ಒಂದೊಂದು ಪ್ರಬಂಧ ಸುಮಾರು 300ರಿಂದ 350 ಪದ, ಅಷ್ಟರಲ್ಲೇ ವಾದ, ಉದಾಹರಣೆ ಎರಡೂ ಬರ್ಬೇಕು.

ಎಲ್ಲಕ್ಕಿಂತ ಕಾಡಿದ್ದು ಕೊಂಜುಂತಿವೊ, ಅಂದ್ರೆ ಅನಿಸಿಕೆ, ಅನುಮಾನ ಹೇಳೋವಾಗ ಬರೋ ಕ್ರಿಯಾಪದದ ರೂಪ. 'ಎ ಜುಸ್ತೊ' ಅಂದ್ರೆ ಅದು ಸರಿ ಅಂತ. 'ಅದು ಸರಿ ಅಂತ ನಂಗನ್ಸುತ್ತೆ' ಅನ್ನೋಕೆ ಹೋದ್ರೆ 'ಪೆನ್ಸೊ ಕೆ ಸೀಯ ಜುಸ್ತೊ', ಕ್ರಿಯಾಪದಾನೇ ಬದಲಾಗಿಬಿಡುತ್ತೆ. ಅಭಿಪ್ರಾಯ ಹೇಳೋ ಪರೀಕ್ಷೇಲಿ ಇದನ್ನ ಬಿಟ್ಟು ಒಂದು ಹೆಜ್ಜೆ ಇಡೋಕಾಗಲ್ಲ. ನಮ್ಮ ಮಿಸ್ ಹೇಳಿದ್ರು ಅಂತ ದಿನಾ ಬಸ್ ಸ್ಟಾಪಿಗೆ ನಡ್ಕೊಂಡು ಹೋಗೋವಾಗ ಪೆನ್ಸೊ ಕೆ ಅಂತ ಶುರು ಮಾಡಿ ಹತ್ತು ವಾಕ್ಯ ಜೋರಾಗಿ ಹೇಳ್ತಿದ್ದೆ, ಮಳೆ ಬಗ್ಗೆ, ಬಸ್ ಬಗ್ಗೆ, ಎದುರಿಗೆ ಬರೋ ನಾಯಿ ಬಗ್ಗೆ. ಕ್ರಿಸ್‌ಮಸ್ ಹೊತ್ತಿಗೆ ಯೋಚನೆ ಮಾಡದೇನೇ ಬಾಯಿಗೆ ಬರ್ತಿತ್ತು. ಬರೀ ಬರೆದು ಕಲ್ತಿದ್ರೆ ನಂಗಂತೂ ಬರ್ತಿರ್ಲಿಲ್ಲ.

ಇಂಗ್ಲಿಷ್ ಥರ ಕಾಣೋ ಪದಗಳ ಬಗ್ಗೆ ಈಗ್ಲೇ ಎಚ್ಚರ ಹೇಳಿ. ಮಾಕ್‌ನಲ್ಲಿ, ಅಂದ್ರೆ ಅಭ್ಯಾಸ ಪರೀಕ್ಷೇಲಿ, 'ಪರೆಂತಿ' ಅಂತಿದ್ದಿದ್ದನ್ನ ಅಪ್ಪ ಅಮ್ಮ ಅಂತ ಅನುವಾದ ಮಾಡ್ಬಿಟ್ಟೆ, ಅದು ನೆಂಟರು, ಇಡೀ ಪ್ಯಾರಾನೇ ದಾರಿ ತಪ್ತು. ಕಾಮೆರ ಅಂದ್ರೆ ರೂಮು, ಲಿಬ್ರೆರೀಯ ಅಂದ್ರೆ ಪುಸ್ತಕದಂಗಡಿ.

ಸ್ಪೀಕಿಂಗ್‌ನ ಎರಡು ಭಾಗದಲ್ಲಿ ಒಂದು ಅವಳೇ ಆರಿಸ್ಕೊಂಡ ಸಂಶೋಧನೆ ಮೇಲೆ. ನಾನು ಮೊದಲು 'ಮಾಫಿಯಾ' ಅಂತ ಇಟ್ಕೊಂಡಿದ್ದೆ, ಆ ವಿಷಯ ಸಮುದ್ರದಷ್ಟು ದೊಡ್ಡದು. ಆಮೇಲೆ 1992ರಲ್ಲಿ ಫಲ್ಕೋನೆ, ಬೋರ್ಸೆಲ್ಲಿನೊ ಅನ್ನೋ ಇಬ್ಬರು ಜಡ್ಜ್‌ಗಳನ್ನ ಎರಡೇ ತಿಂಗಳ ಅಂತರದಲ್ಲಿ ಮಾಫಿಯಾದವರು ಬಾಂಬಿಟ್ಟು ಕೊಂದ ಮೇಲೆ ಸಿಸಿಲಿಯ ಪಾಲೆರ್ಮೊ ಊರಿನ ಅಂಗಡಿಯವರು ನಿಧಾನಕ್ಕೆ ಹಫ್ತಾ ಕೊಡಲ್ಲ ಅಂತ ನಿಲ್ಲೋ ಧೈರ್ಯ ಹೇಗೆ ಮಾಡಿದ್ರು ಅನ್ನೋದಕ್ಕೆ ಇಳಿಸ್ಕೊಂಡೆ. ಹಫ್ತಾಗೆ ಅಲ್ಲಿ 'ಪಿಟ್ಸೊ' ಅಂತಾರೆ. ಆ ಜನರ ಬಗ್ಗೆ ಓದ್ತಾ ಓದ್ತಾ ನಂಗೆ ಎಷ್ಟು ಹಚ್ಕೊಂಡುಬಿಡ್ತು ಅಂದ್ರೆ ಪರೀಕ್ಷೆ ಅನ್ನೋದೇ ಮರ್ತು ಮಾತಾಡ್ದೆ.

*

ಮೇಡಂ, ನಮ್ಮ ಮಗನ ಸ್ಕೂಲಲ್ಲಿ ಕೊನೆಗೆ ಕ್ಲಾಸ್ ನಡೀಲೇ ಇಲ್ಲ. ಟ್ಯೂಟರ್ ಹತ್ರ ಓದಿಸಿ ಪ್ರೈವೇಟಾಗಿ ಪರೀಕ್ಷೆ ಕಟ್ಟಿಸಿದ್ವಿ. ಓದೋದಕ್ಕಿಂತ ಕಷ್ಟ ಆಗಿದ್ದು ಪರೀಕ್ಷೆ ಬರೆಸೋ ಸೆಂಟರ್ ಹುಡುಕೋದು. ರಿಟನ್ ಪೇಪರ್ ಬರೆಸ್ತೀವಿ ಅಂತ ಎಲ್ರೂ ಒಪ್ತಾರೆ, ಸ್ಪೀಕಿಂಗ್ ಅಂದ ತಕ್ಷಣ ನಮ್ಮಲ್ಲಿ ಇಟಾಲಿಯನ್ ಟೀಚರ್ ಇಲ್ಲ ಅಂತಾರೆ. ಒಂದು ಕಡೆ ಹೂಂ ಅಂದವರು ಜನವರೀಲಿ ಕೈ ಎತ್ತಿಬಿಟ್ರು, ಫೆಬ್ರವರೀಲಿ ಎಂಟ್ರಿ ಕ್ಲೋಸ್, ಆ ಮೂರು ವಾರ ನಂಗೂ ನನ್ನ ಹೆಂಡತಿಗೂ ನಿದ್ದೆ ಇಲ್ಲ. ಬೇರೆ ಊರಲ್ಲಿ ಸಿಕ್ತು, ಸದ್ಯ. ಸ್ಕೂಲಿಗೆ ಈಗ್ಲೇ ಬರೆದು ಕೇಳಿ: ಕ್ಲಾಸ್ ನಡೆಸ್ದೇ ಇದ್ರೂ ಸ್ಪೀಕಿಂಗ್ ಟೆಸ್ಟ್ ನೀವೇ ಮಾಡಿಸ್ತೀರಾ ಅಂತ. ಉತ್ತರ ಬರವಣಿಗೇಲೇ ತಗೊಳ್ಳಿ.

*

ನಾನು ಇಟಾಲಿಯನ್ ಟ್ಯೂಷನ್ ಹೇಳ್ತೀನಿ, ಮನೇಲಿ ಇಟಾಲಿಯನ್ ಮಾತಾಡೋ ಮಕ್ಕಳ ಬಗ್ಗೆ ಕೇಳಿದ್ರಲ್ಲ ಅದಕ್ಕೆ ಉತ್ತರ. ಮಾತಲ್ಲಿ ಅವರು ಮುಂದೆ, ನಿಜ. ಆದ್ರೆ ನನ್ನ ಹತ್ರ ಬಂದವರಲ್ಲಿ ಬಹಳ ಜನ ಪ್ರಬಂಧದಲ್ಲಿ ಒದ್ದಾಡಿದ್ದಾರೆ, ಮನೆ ಮಾತನ್ನೇ ಬರೀತಾರೆ, ಸ್ಪೆಲಿಂಗ್ ಕೈ ಕೊಡುತ್ತೆ.

ಇನ್ನೊಂದು, ಮನೇಲಿ ಕನ್ನಡ ಆಡ್ತಾಳೆ ತಾನೆ? ಅದನ್ನ ಬಳಸ್ಕೊಳ್ಳಲಿ. ಇಲ್ಲಿನ ಮಕ್ಕಳಿಗೆ ಒತ್ತಕ್ಷರ ಕಿವಿಗೇ ಬೀಳಲ್ಲ. ನೋನೊ ಅಂದ್ರೆ ಒಂಬತ್ತನೆಯದು, ನೊನ್ನೊ ಅಂದ್ರೆ ತಾತ, ಅವರಿಗೆ ಎರಡೂ ಒಂದೇ. ನಮಗೆ ಕತೆ ಬೇರೆ, ಕತ್ತೆ ಬೇರೆ, ಹೇಳಿಕೊಡೋದೇ ಬೇಡ. ಇಟಾಲಿಯನ್ನಿನ ತ, ದ ನಮ್ಮ ತ, ದ ಥರಾನೇ, ಇಂಗ್ಲಿಷಿನ ಟ ಡ ಅಲ್ಲ. 'ಬರ್ತೀನಿ' ಅಂದ್ರೆ 'ನಾನು' ಅನ್ನೋದು ಒಳಗೇ ಇದೆಯಲ್ಲ, ಇಟಾಲಿಯನ್ನಲ್ಲಿ ಅದೇ ಅರ್ಥದ 'ವೆಂಗೊ' ಅನ್ನೋದೂ ಹಾಗೇ. ಜಿಸಿಎಸ್‌ಇ ಮುಗಿದ ಮೇಲೆ ಉದ್ದದ ರಜೆ ಸಿಗುತ್ತಲ್ಲ, ಆಗ ಕ್ರಿಯಾಪದದ ಕಾಲಗಳನ್ನ ಗಟ್ಟಿ ಮಾಡಿಸಿ, ದಿನಾ ಹತ್ತು ನಿಮಿಷ ಇಟಲಿಯ ಸರ್ಕಾರಿ ವಾಹಿನಿ ರಾಯ್ ರೇಡಿಯೊ ನ್ಯೂಸ್ ಹಾಕಿಡಿ. ಮೊದಲ ವಾರ ನಾಕು ಪದ ಸಿಕ್ರೆ ಅದೇ ಜಾಸ್ತಿ, ನಿಲ್ಲಿಸ್ಬಾರ್ದು ಅಷ್ಟೆ.