ಹೊಲಿಗೆ ತರಬೇತಿ ಮೊದಲೋ, ಮಷಿನ್ ಸಾಲ ಮೊದಲೋ?

ಹಾಸನ_ಸೀಮೆ:
ಅಕ್ಕನಿಗೆ 34 ವರ್ಷ, ಭಾವ ತೀರಿಕೊಂಡಿದ್ದಾರೆ. ಸಾದಾ ಬ್ಲೌಸ್ ಚೆನ್ನಾಗಿ ಹೊಲೀತಾಳೆ, ಲೈನಿಂಗ್ ಬ್ಲೌಸ್ ಮಾತ್ರ ಸರಿಯಾಗಿ ಕೂರಲ್ಲ. ಫೈನಾನ್ಸ್‌ನವರು 50,000 ಕೊಡ್ತೀವಿ, ವರ್ಷಕ್ಕೆ ಶೇ. 12 ಫ್ಲಾಟ್, 24 ಕಂತು ಅಂತಾರೆ. ತಗೊಂಡು ಮೋಟಾರ್ ಮಷಿನ್ ಹಾಕಿಸಬಹುದಾ?

ಕತ್ತರಿ_ಟೇಪು:
ಮೊದಲು ತರಬೇತಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯ ಮಾದರಿಯಲ್ಲೇ ಈಗ ಜಿಲ್ಲೆಗೊಂದು ಆರ್‌ಸೆಟಿ (ಬ್ಯಾಂಕ್ ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಕೇಂದ್ರ) ಇದೆ. ಹೊಲಿಗೆಗೆ ಸುಮಾರು ಒಂದು ತಿಂಗಳು. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಮುಗಿದ ಮೇಲೂ ಎರಡು ವರ್ಷ ಬೆನ್ನಿಗಿದ್ದು ಬ್ಯಾಂಕ್ ಸಾಲಕ್ಕೆ ನೆರವಾಗುತ್ತಾರೆ.

ಲೈನಿಂಗ್ ವಿಷಯ: ಕಾಟನ್ ಲೈನಿಂಗನ್ನು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಕತ್ತರಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಲೈನಿಂಗ್ ಕುಗ್ಗಿ ಮೇಲಿನ ಬಟ್ಟೆ ಸುಕ್ಕಾಗುತ್ತದೆ. ಗಿರಾಕಿ ಮತ್ತೆ ಬರಲ್ಲ.

ಬಡ್ಡಿ_ಲೆಕ್ಕ:
ಆ ಫ್ಲಾಟ್ ಬಡ್ಡಿಗೆ ದಯವಿಟ್ಟು ಸಹಿ ಹಾಕಿಸಬೇಡಿ. ಎರಡು ವರ್ಷಕ್ಕೆ ಬಡ್ಡಿ 12,000, ತಿಂಗಳ ಕಂತು 2,583. ಅಸಲು ತೀರುತ್ತಾ ಬಂದರೂ ಪೂರ್ತಿ 50,000ಕ್ಕೇ ಬಡ್ಡಿ ಕಟ್ಟುತ್ತಿರುತ್ತೀರಿ. ಅದೇ ಶೇ. 12 ಉಳಿದ ಬಾಕಿಯ ಮೇಲೆ ಹಾಕಿದರೆ ಕಂತು ಸುಮಾರು 2,354, ಒಟ್ಟು ಬಡ್ಡಿ 6,500ರ ಒಳಗೆ. ಅಂದರೆ ಅವರು ಹೇಳುವ ಶೇ. 12 ಫ್ಲಾಟ್, ಉಳಿದ ಬಾಕಿಯ ಲೆಕ್ಕದಲ್ಲಿ ನಿಜಕ್ಕೂ ಶೇ. 21 ದಾಟುತ್ತದೆ.

ಬ್ಯಾಂಕಲ್ಲಿ ಮುದ್ರಾ ಶಿಶು ಸಾಲ (ಸಣ್ಣ ಉದ್ಯಮಕ್ಕೆ ಕೇಂದ್ರ ಸರ್ಕಾರದ ಯೋಜನೆಯ ಸಾಲ) ಕೇಳಿ: 50,000ದವರೆಗೆ, ಅಡಮಾನ ಬೇಡ. ತರಬೇತಿ ಪ್ರಮಾಣಪತ್ರ, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ; ಅದಕ್ಕೆ ಶುಲ್ಕವಿಲ್ಲ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ) ಮತ್ತು ಅಂಗಡಿಯ ಕೊಟೇಶನ್ ಜೊತೆಗಿರಲಿ. ಮೊದಲ ಕಂತಿಗೆ ಎರಡು ಮೂರು ತಿಂಗಳು ಬಿಡುವು ಕೊಡುತ್ತೀರಾ ಅಂತ ಅರ್ಜಿ ಕೊಡುವಾಗಲೇ ಕೇಳಿ.

ಹಾಸನ_ಸೀಮೆ:
ಪೂರ್ತಿ 50,000 ಮಷಿನ್‌ಗೇ ಹಾಕಬಹುದಾ? ಊರಲ್ಲಿ ಗುಂಪಿನ ಸಾಲವೂ ಸಿಗುತ್ತೆ.

ಕತ್ತರಿ_ಟೇಪು:
ಬೇಡ. ಈಗಿರುವ ಮಷಿನ್‌ಗೇ ಮೋಟಾರ್ ಕೂರಿಸಿ, ಉಳಿದದ್ದರಲ್ಲಿ ಫಾಲ್, ಜಿಗ್‌ಜಾಗ್ ಮಾಡುವ ಮಷಿನ್ ತಗೊಳ್ಳಿ. ಸೀರೆ ಉಡುವ ಊರಲ್ಲಿ ಆ ಕೆಲಸ ದಿನವೂ ಬರುತ್ತದೆ. ಲೈನಿಂಗ್, ದಾರ, ಹುಕ್ಕಿಗೆ ಕೈಯಲ್ಲಿ ದುಡ್ಡಿರಲಿ. ಆಷಾಢದಲ್ಲಿ ಮದುವೆ ಇಲ್ಲ, ಬ್ಲೌಸೂ ಇಲ್ಲ, ಕಂತು ಮಾತ್ರ ಬಂದೇ ಬರುತ್ತದೆ. ಎರಡು ಕಂತಿನ ಹಣ ಮೊದಲೇ ಎತ್ತಿಡಲಿ.

ಬಡ್ಡಿ_ಲೆಕ್ಕ:
ಗುಂಪಿನ ಸಾಲದಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದವರ ಮೇಲೆ ಬೀಳುತ್ತದೆ, ಯಾರ ಜೊತೆ ಸೇರುತ್ತಾರೆ ಅಂತ ನೋಡಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮೈಕ್ರೋಫೈನಾನ್ಸ್ ಸಾಲ ಕೊಡುವಾಗ ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟುವಂತಿಲ್ಲ. ಅವಧಿಗೆ ಮೊದಲೇ ತೀರಿಸಿದರೆ ದಂಡವೂ ಇಲ್ಲ. ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯ ಸಹಾಯಧನವನ್ನೂ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ, ಆದರೆ ಮಷಿನ್ ಕೊಳ್ಳುವ ಮೊದಲೇ.